ಕಾಡಂಚಿಗೆ ಹೋಗಿ ನೆಲೆಸಿದರೆ ಒಳ್ಳೆಯವರಾಗುತ್ತೇವೆಯೇ?

ಪ್ರಶ್ನೆ: ನನಗೆ 41 ವರ್ಷ. ಹದಿನೇಳು ವರ್ಷಗಳಿಂದ ಕಚೇರಿ ಕೆಲಸ. ಸಂಬಳಕ್ಕೆ ಕೊರತೆಯಿಲ್ಲ. ಆದರೆ ನನ್ನ ಕೆಲಸದಿಂದ ಯಾರಿಗೆ ಏನು ಒಳಿತಾಗುತ್ತಿದೆ ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ತಿಂಗಳಿಗೆರಡು ಸಲ ಬೆಟ್ಟ, ಕಾಡು ಸುತ್ತಲು ಹೋಗುತ್ತೇನೆ. ಅಲ್ಲಿರುವಷ್ಟು ಹೊತ್ತು ನಾನೊಬ್ಬ ಒಳ್ಳೆಯ ಮನುಷ್ಯ ಅನ್ನಿಸುತ್ತದೆ. ಮರಳಿದ ಎರಡೇ ದಿನಕ್ಕೆ ಮನೆಯವರ ಮೇಲೆ ರೇಗಾಟ ಶುರು. ಕೆಲಸ ಬಿಟ್ಟು ಕಾಡಂಚಿನಲ್ಲಿ ಒಂದೆರಡು ಎಕರೆ ತೆಗೆದುಕೊಂಡು ಅಲ್ಲೇ ಇದ್ದುಬಿಡುವ ಆಸೆ. ‘ಇದು ಜವಾಬ್ದಾರಿಯಿಂದ ಓಡಿಹೋಗುವುದು’ ಎನ್ನುತ್ತಾಳೆ ಹೆಂಡತಿ. ಮಗಳಿಗೆ ಒಂಬತ್ತು ವರ್ಷ. ಇನ್ನೊಂದು ಗೊಂದಲವೂ ಇದೆ. ಹೋದ ತಿಂಗಳು ಗಿಡುಗವೊಂದು ಗೂಡಿನಿಂದ ಮರಿಯನ್ನು ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ. ತಾಯಿಹಕ್ಕಿ ಅರ್ಧ ಗಂಟೆ ಅರಚಿತು. ಇದರಿಂದ ನಾನು ಯಾವ ನೀತಿ ಕಲಿಯಬೇಕು? ನಿಸರ್ಗಕ್ಕೆ ಹತ್ತಿರವಾಗಿ ಬದುಕಿದರೆ ಬಾಳಿಗೆ ನಿಜಕ್ಕೂ ನೈತಿಕ ಅರ್ಥ ಸಿಗುತ್ತದೆಯೇ, ಇಲ್ಲ ಇದೂ ಒಂದು ನೆಪವೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಎರಡೇ ದಿನಕ್ಕೆ ರೇಗಾಟ’ ಎಂಬ ಮಾತಿನ ಮೇಲೆ. ಅಲ್ಲಿಂದಲೇ ಶುರು ಮಾಡೋಣ.

ಕಾಡಿನಲ್ಲಿ ನಿಮಗೆ ಸಿಗುತ್ತಿರುವುದು ನೆಮ್ಮದಿ. ನೀವು ಅದನ್ನು ಒಳ್ಳೆಯತನ ಎಂದು ಓದಿಕೊಳ್ಳುತ್ತಿದ್ದೀರಿ. ನೆಮ್ಮದಿಯ ಬಗ್ಗೆ ತಕರಾರಿಲ್ಲ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎನ್ನುವ ಸಂಭವ ಹೆಚ್ಚಿತ್ತು. ಆ ಹೊತ್ತನ್ನು ಒಂದೇ ಸಲಕ್ಕೆ ಕಳೆದರೂ ತುಂಡು ತುಂಡಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. (ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಓಡಾಡುತ್ತಾರೇನೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಅದು ಬೇರೆ ಮಾತು.) ಆದರೆ ಆ ಅಧ್ಯಯನ ಕೇಳಿದ್ದು ಆರೋಗ್ಯ, ನೆಮ್ಮದಿಯ ಬಗ್ಗೆ, ಒಳ್ಳೆಯತನದ ಬಗ್ಗೆ ಅಲ್ಲ. ಕಾಡಿನಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ, ಮಾತಿಗೆ ಎದುರಾಡುವುದಿಲ್ಲ, ಊಟದ ಹೊತ್ತಿಗೆ ಹಟ ಮಾಡುವುದಿಲ್ಲ. ಸಿಟ್ಟಿಗೆ ಕಾರಣವಿಲ್ಲದ ಕಡೆ ಸಿಟ್ಟು ಬರುವುದಿಲ್ಲ, ಅಷ್ಟೆ. ಬಾರದೇ ಇದ್ದ ಸಿಟ್ಟನ್ನು ಗೆದ್ದ ಸಿಟ್ಟೆಂದು ಲೆಕ್ಕ ಹಾಕಿಕೊಳ್ಳುವುದು ಈ ದಾರಿಯ ಮೊದಲ ಮೋಸ. ಅಲ್ಲೇ ಮನೆ ಮಾಡಿದ ದಿನ ಹೆಂಡತಿ, ಮಗಳು, ಖರ್ಚಿನ ಚಿಂತೆ ಎಲ್ಲವೂ ಜೊತೆಗೇ ಬರುತ್ತವೆ. ಜೊತೆಗೆ ರೇಗಾಟವೂ ಬರುತ್ತದೆ.

ಈಗ ಗಿಡುಗದ ಮಾತು. ಅದು ನಿಮಗೆ ಏನನ್ನೂ ಕಲಿಸುತ್ತಿರಲಿಲ್ಲ, ತನ್ನ ಹೊಟ್ಟೆಯನ್ನೋ ತನ್ನ ಮರಿಗಳ ಹೊಟ್ಟೆಯನ್ನೋ ತುಂಬಿಸುತ್ತಿತ್ತು. ನಿಸರ್ಗವೇ ನೀತಿಯ ಪಾಠಶಾಲೆ ಎನ್ನುವವರು ಸಾಮಾನ್ಯವಾಗಿ ಜೇನುಗೂಡನ್ನು ತೋರಿಸುತ್ತಾರೆ. ಬಲಿಷ್ಠನದೇ ರಾಜ್ಯ ಎನ್ನುವವರು ಗಿಡುಗವನ್ನು ತೋರಿಸುತ್ತಾರೆ. ಇಬ್ಬರೂ ತಮ್ಮ ತೀರ್ಮಾನವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು, ಆಮೇಲೆ ಸಾಕ್ಷಿ ಹುಡುಕಲು ಕಾಡಿಗೆ ಹೋದವರು. ಬದುಕಿರುವ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು, ಮರಿಗಳು ಅದನ್ನು ಒಳಗಿನಿಂದಲೇ ತಿಂದು ಬೆಳೆಯುವಂತೆ ಮಾಡುವ ಕಣಜಗಳಿವೆ. ದಯಾಮಯನಾದ ಸೃಷ್ಟಿಕರ್ತ ಇಂಥದ್ದನ್ನು ಬೇಕೆಂದೇ ಸೃಷ್ಟಿಸಿರಬಹುದೆಂದು ನಂಬಲಾರೆ ಎಂದು ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದರು. ಅದಕ್ಕೂ ನೂರಿಪ್ಪತ್ತು ವರ್ಷ ಮೊದಲು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಈ ಗಂಟನ್ನು ತೋರಿಸಿಕೊಟ್ಟಿದ್ದರು: ‘ಹೀಗಿದೆ’ ಎಂಬ ಮಾತಿನಿಂದ ‘ಹೀಗಿರಬೇಕು’ ಎಂಬ ಮಾತಿಗೆ ಜನ ಸದ್ದಿಲ್ಲದೆ ಜಾರುತ್ತಾರೆ, ನಡುವಿನ ಸೇತುವೆ ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ನಿಸರ್ಗದಲ್ಲಿ ಇದೆ ಎಂಬುದು ಯಾವುದನ್ನೂ ಸರಿ ಮಾಡುವುದಿಲ್ಲ, ತಪ್ಪೂ ಮಾಡುವುದಿಲ್ಲ.

ಆದರೂ ಆ ದಿನ ಅಲ್ಲಿ ನೈತಿಕವಾದದ್ದೊಂದು ನಡೆಯಿತು. ನೀವು ಅರ್ಧ ಗಂಟೆ ನಿಂತಿರಿ. ನಿಮ್ಮ ಕೆಲಸ, ನಿಮ್ಮ ಬೇಸರ, ನಿಮ್ಮ ಯೋಜನೆ ಎಲ್ಲವೂ ಹಿಂದೆ ಸರಿದು, ನಿಮಗೆ ಯಾವ ಲಾಭವೂ ಇಲ್ಲದ ಒಂದು ಹಕ್ಕಿಯ ಸಂಕಟ ಮುಂದೆ ಬಂತು. ಬ್ರಿಟಿಷ್ ತತ್ತ್ವಜ್ಞಾನಿ ಐರಿಸ್ ಮರ್ಡಾಕ್ ಇಂಥ ಗಳಿಗೆಗೆ ನೀತಿಶಾಸ್ತ್ರದಲ್ಲಿ ದೊಡ್ಡ ಜಾಗ ಕೊಟ್ಟರು. ಯಾರೋ ಮಾಡಿದ ಅವಮಾನವನ್ನು ಮೆಲುಕು ಹಾಕುತ್ತ ಕಿಟಕಿಯಲ್ಲಿ ಕೂತವರಿಗೆ, ಗಾಳಿಯಲ್ಲಿ ನಿಂತಂತೆ ಹಾರುವ ಸಣ್ಣ ಗಿಡುಗವೊಂದು ಕಾಣುತ್ತದೆ. ಆ ಕ್ಷಣಕ್ಕೆ ‘ನಾನು’ ಕರಗುತ್ತದೆ. ಮತ್ತೆ ಹಳೆಯದಕ್ಕೆ ಮರಳಿದಾಗ ಅದು ಚಿಕ್ಕದಾಗಿರುತ್ತದೆ. ಎದುರಿಗಿರುವುದನ್ನು ಅದು ಇರುವಂತೆಯೇ ಕಾಣುವ ಈ ಗಮನವೇ ಮನುಷ್ಯರನ್ನು ನ್ಯಾಯವಾಗಿ ಕಾಣುವುದಕ್ಕೂ ಬೇಕಾದದ್ದು ಎಂಬುದು ಅವರ ವಾದ. ಗಮನಿಸಿ, ಆ ಉದಾಹರಣೆಯಲ್ಲಿ ಕಾಡಿಲ್ಲ, ಕಿಟಕಿಯಿದೆ.

ಈ ಗಮನ ತಾನಾಗಿಯೇ ಮನುಷ್ಯರತ್ತ ಹರಿಯುತ್ತದೆ ಎಂದು ನಂಬಬೇಡಿ. ನಿಸರ್ಗಪ್ರೇಮಿಗಳೆಲ್ಲ ಸಜ್ಜನರು ಎಂಬ ನಂಬಿಕೆಗೆ ಇತಿಹಾಸ ಒಂದು ಕಹಿ ಉತ್ತರ ಕೊಟ್ಟಿದೆ. 1935ರ ಜೂನ್‌ನಲ್ಲಿ ನಾತ್ಸಿ ಜರ್ಮನಿ ಇಡೀ ದೇಶಕ್ಕೆ ಅನ್ವಯಿಸುವ ನಿಸರ್ಗ ಸಂರಕ್ಷಣಾ ಕಾನೂನು ತಂದಿತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯಹೂದಿಗಳ ಪೌರತ್ವ ಕಸಿಯುವ ಕಾನೂನು ತಂದಿತು. ಮರವನ್ನು ಕಾಯುವ ಮನಸ್ಸು ನೆರೆಯವನನ್ನು ಕಾಯದೆಯೂ ಇರಬಲ್ಲದು. ಇದರ ಸಣ್ಣ ರೂಪ ದಿನವೂ ಕಾಣಸಿಗುತ್ತದೆ. ಕಾಡಿಗೆ ಹೋಗಿ ಬರುವವರಲ್ಲಿ ಹೋಗದವರ ಬಗ್ಗೆ ಒಂದು ತಾತ್ಸಾರ ಬೆಳೆಯುತ್ತದೆ: ‘ಇವರಿಗೆ ಮಾಲ್ ಬಿಟ್ಟರೆ ಏನು ಗೊತ್ತು.’ ನಿಮ್ಮೊಳಗೆ ಅದು ಮೊಳೆತಿದೆಯೇ ನೋಡಿಕೊಳ್ಳಿ. ಎರಡನೇ ದಿನದ ರೇಗಾಟದ ಬೇರು ಬಹಳಷ್ಟು ಸಲ ಅಲ್ಲೇ ಇರುತ್ತದೆ.

ಎಲ್ಲ ಬಿಟ್ಟು ಹೋಗದಿದ್ದರೆ ಅರ್ಥ ಸಿಗದು ಎಂಬ ಇನ್ನೊಂದು ನಂಬಿಕೆಗೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯೇ ಸಾಕು. ಆದರೂ ಈ ದಾರಿಯ ಹಿರಿಯರಿಬ್ಬರ ವಿವರ ಕೇಳಿ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ವಾಲ್ಡನ್ ಕೊಳದ ದಡದಲ್ಲಿ ಇದ್ದದ್ದು 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ, ಎರಡು ವರ್ಷ ಚಿಲ್ಲರೆ. ಗುಡಿಸಲು 10 ಅಡಿಗೆ 15 ಅಡಿ, ಜಾಗ ಗೆಳೆಯ ಎಮರ್ಸನ್‌ರದು, ಊರು ನಡೆದು ಹೋಗುವಷ್ಟು ಹತ್ತಿರ, ಮನೆಯವರ ಜೊತೆ ಒಡನಾಟ ನಿಂತಿರಲಿಲ್ಲ. ಅವರ ಬದುಕಿನ ಅತಿ ಪ್ರಸಿದ್ಧ ನೈತಿಕ ನಿರ್ಧಾರ, ಗುಲಾಮಗಿರಿಯನ್ನು ಒಪ್ಪಿದ ಸರ್ಕಾರಕ್ಕೆ ತೆರಿಗೆ ಕೊಡದೆ ಒಂದು ರಾತ್ರಿ ಜೈಲಿನಲ್ಲಿದ್ದದ್ದು, ನಡೆದದ್ದು 1846ರಲ್ಲಿ, ರಿಪೇರಿಗೆ ಕೊಟ್ಟ ಶೂ ತರಲು ಊರಿಗೆ ಹೋದಾಗ. ಭೂಮಿಯೊಡನೆ ಮನುಷ್ಯನ ನೈತಿಕ ಸಂಬಂಧದ ಬಗ್ಗೆ ಇಪ್ಪತ್ತನೇ ಶತಮಾನದಲ್ಲಿ ಅತಿ ಪ್ರಭಾವಶಾಲಿಯಾಗಿ ಬರೆದ ಆಲ್ಡೊ ಲಿಯೊಪೋಲ್ಡ್ ಕೆಲಸ ಬಿಡಲೇ ಇಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದುಕೊಂಡೇ 1935ರಲ್ಲಿ ಯಾರಿಗೂ ಬೇಡವಾದ, ಸಾರ ಕಳೆದುಕೊಂಡ ಹೊಲವೊಂದನ್ನು ಕೊಂಡರು. ಕೋಳಿಗೂಡನ್ನೇ ಮನೆ ಮಾಡಿಕೊಂಡು ವಾರಾಂತ್ಯಗಳಲ್ಲಿ ಹೆಂಡತಿ ಮಕ್ಕಳೊಡನೆ ಸಾವಿರಾರು ಪೈನ್ ಸಸಿ ನೆಟ್ಟರು. ಮೊದಮೊದಲು ನೆಟ್ಟವುಗಳಲ್ಲಿ ಹೆಚ್ಚಿನವು ಬರಗಾಲಕ್ಕೆ ಸತ್ತವು. 1948ರ ಏಪ್ರಿಲ್‌ನಲ್ಲಿ ಪಕ್ಕದವರ ಜಮೀನಿನಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಆರಿಸುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು.

ಹಾಗಾದರೆ ನಿಸರ್ಗದ ಹತ್ತಿರ ಇರುವುದರಿಂದ ನೀತಿಗೆ ಏನು ದಕ್ಕುತ್ತದೆ? ನಮ್ಮ ಕೆಲಸದ ಫಲ ಕಣ್ಣಿಗೆ ಬೀಳುವುದು. ನಗರದ ಬದುಕಿನಲ್ಲಿ ಕಸ ಗಾಡಿಯಲ್ಲಿ ಹೋಗುತ್ತದೆ, ನೀರು ಕೊಳವೆಯಲ್ಲಿ ಬರುತ್ತದೆ, ಕೊಲ್ಲುವ ಕೆಲಸವನ್ನು ಕಾಣದ ಯಾರೋ ಮಾಡುತ್ತಾರೆ. ನಿಮ್ಮ ಕೆಲಸದಿಂದ ಯಾರಿಗೆ ಒಳಿತು ಎಂದು ತಿಳಿಯದಿರುವುದಕ್ಕೂ ಕಾರಣ ಇದೇ, ಫಲ ಕಾಣದಷ್ಟು ದೂರದಲ್ಲಿರುವುದು.

ಹತ್ತಿರದಿಂದ ಕಂಡ ನಿಸರ್ಗ ಮೊದಲು ಎತ್ತುವ ನೈತಿಕ ಪ್ರಶ್ನೆ ಸೂರ್ಯಾಸ್ತದ್ದಲ್ಲ, ಇಲಿಯದ್ದು. ಕಾಡಂಚಿನ ಮನೆಗೆ ಹೋದ ಕೆಲವೇ ವಾರಗಳಲ್ಲಿ ದವಸದ ಚೀಲ ತೂತಾಗಿರುತ್ತದೆ. ಅಂಟಿನ ಹಲಗೆ ಇಡಬಹುದು. ಇಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಚರ್ಮ ಕಿತ್ತುಕೊಂಡು ಒದ್ದಾಡಿ ಸಾಯುತ್ತದೆ, ಜೊತೆಗೆ ಹಲ್ಲಿ, ಸಣ್ಣ ಹಕ್ಕಿಗಳೂ ಸಿಕ್ಕಿಕೊಳ್ಳುತ್ತವೆ. ಪಾಷಾಣ ಇಡಬಹುದು. ಇಂದು ಸಾಮಾನ್ಯವಾಗಿ ಸಿಗುವವು ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯವು, ತಿಂದ ಇಲಿ ಸಾಯಲು ಹಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಮಂಕಾಗಿ ಓಡಾಡುವ ಆ ಇಲಿಯನ್ನು ಗೂಬೆ ತಿಂದರೆ ವಿಷ ಗೂಬೆಗೂ ಸೇರುತ್ತದೆ. ಯಾವ ಗೂಬೆಯ ಕೂಗು ಕೇಳಲು ಅಲ್ಲಿಗೆ ಹೋದಿರೋ ಅದೇ ಗೂಬೆ. ಬೋನಿನಲ್ಲಿ ಹಿಡಿದು ದೂರ ಬಿಡುವುದು ದಯೆಯಂತೆ ಕಾಣುತ್ತದೆ. ಗುರುತಿಲ್ಲದ ಜಾಗದಲ್ಲಿ ಬಿಲ, ಆಹಾರ ಸಿಗದೆ ಅದು ಸಾಯುವ ಸಂಭವವೇ ಹೆಚ್ಚು, ಬದುಕಿದರೆ ಬೇರೆಯವರ ದವಸಕ್ಕೆ ಹೋಗುತ್ತದೆ, ಬೋನನ್ನು ನೋಡಲು ನೀವು ಮರೆತರೆ ಬಾಯಾರಿ ಸಾಯುತ್ತದೆ. ಗಟ್ಟಿ ಸ್ಪ್ರಿಂಗಿನ ಹೊಡೆಯುವ ಬೋನನ್ನು ಗೋಡೆಗೆ ಅಡ್ಡವಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ ಇಟ್ಟರೆ ಸಾವು ಬಹುಪಾಲು ತಕ್ಷಣದ್ದು, ಆದರೆ ಬೆಳಿಗ್ಗೆ ಅದನ್ನು ತೆಗೆಯುವ ಕೈ ನಿಮ್ಮದೇ ಆಗಿರಬೇಕು.

ಇವೆಲ್ಲಕ್ಕೂ ಮೊದಲಿನ ದಾರಿ ಬೇಸರದ್ದು, ಅದಕ್ಕೇ ಜನ ಅದನ್ನು ಕೊನೆಗೆ ಮಾಡುತ್ತಾರೆ. ಚಿಟ್ಟಿಲಿಗೆ 6 ಮಿ.ಮೀ. ಸಂದು ಸಾಕು, ದೊಡ್ಡ ಇಲಿಗೆ 12 ಮಿ.ಮೀ. ಬಾಗಿಲಡಿ, ಕೊಳವೆ ಬರುವ ಜಾಗ, ಮಾಡಿನ ಸಂದು ಎಲ್ಲವನ್ನೂ ಟಾರ್ಚ್ ಹಿಡಿದು ಹುಡುಕಿ, ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಬೇಕು. ಬರೀ ಪ್ಲಾಸ್ಟಿಕ್ಕು, ಫೋಮು ತುಂಬಿದರೆ ಕಡಿದು ಬರುತ್ತವೆ. ದವಸ ಬಿಗಿ ಮುಚ್ಚಳದ ಲೋಹದ ಡಬ್ಬಿಗೆ ಹೋಗಬೇಕು, ಗೋಡೆಯಿಂದ ಅರ್ಧ ಮೀಟರಿನಷ್ಟು ದೂರ ಹುಲ್ಲು, ಸೌದೆ ಇರಬಾರದು. ಕೊಲ್ಲಬಹುದೇ ಎಂಬುದನ್ನು ನೀವು ಹೇಗೆ ತೀರ್ಮಾನಿಸಿದರೂ, ಎರಡು ದಿನ ಸಂದು ಮುಚ್ಚುವ ಬೇಸರ ತಪ್ಪಿಸಿಕೊಳ್ಳಲು ಕೊಂದೆನೇ ಎಂಬ ಪ್ರಶ್ನೆ ಉಳಿಯುತ್ತದೆ. ನಗರದಲ್ಲೂ ಇಲಿ ಸಾಯುತ್ತಿತ್ತು, ಬೇರೆಯವರ ಕೈಯಲ್ಲಿ. ಅಲ್ಲಿ ನಿಮಗೆ ಈ ಪ್ರಶ್ನೆ ಕೇಳಿಕೊಳ್ಳುವ ಅವಕಾಶವೇ ಇರಲಿಲ್ಲ.

ಗೊಬ್ಬರದ ರಾಶಿಯೂ ಹೀಗೆಯೇ. ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ಹಸಿ ಕಸ, ಹಿಂಡಿದ ಬಟ್ಟೆಯಷ್ಟು ತೇವ, ಎಲ್ಲ ಕಡೆ ಕನಿಷ್ಠ ಒಂದು ಮೀಟರ್ ಗಾತ್ರ, ಆಗಾಗ ಮಗುಚುವುದು. ಸರಿಯಿದ್ದರೆ ಕೆಲವು ದಿನಗಳಲ್ಲಿ ನಡುಭಾಗ 55 ಡಿಗ್ರಿ ದಾಟುತ್ತದೆ. ಮೂಗಿಗೆ ಚುರುಕು ಘಾಟು ಹೊಡೆದರೆ ಹಸಿ ಹೆಚ್ಚಾಗಿದೆ, ಕೊಳೆತ ಮೊಟ್ಟೆಯ ವಾಸನೆಗೆ ಗಾಳಿಯಿಲ್ಲದ್ದು ಕಾರಣ, ಬಿಸಿಯೇ ಏರದಿದ್ದರೆ ರಾಶಿ ಚಿಕ್ಕದು ಅಥವಾ ಒಣಗಿದೆ. ಮಾಡಿದ್ದುಣ್ಣೋ ಮಾರಾಯ ಎಂಬುದನ್ನು ಇಷ್ಟು ಬೇಗ, ಇಷ್ಟು ನಿಷ್ಪಕ್ಷಪಾತವಾಗಿ ಹೇಳುವ ವಸ್ತು ಕಚೇರಿಯಲ್ಲಿ ಸಿಗದು.

ಕೆಲಸ ಬಿಡುವ ಮೊದಲು ಒಂದು ವರ್ಷ ಇದನ್ನು ಮಾಡಿ. ಮನೆಯಿಂದ ಹತ್ತು ನಿಮಿಷಕ್ಕಿಂತ ದೂರವಲ್ಲದ, ಮೂರು ಮೀಟರಿಗೆ ಮೂರು ಮೀಟರಿನ ಒಂದು ತುಂಡು ನೆಲ ಆರಿಸಿಕೊಳ್ಳಿ. ಚೆಂದದ ಜಾಗ ಬೇಡ, ಹಾಳುಬಿದ್ದ ಮೂಲೆಯಾದರೆ ಒಳ್ಳೆಯದು. ವಾರಕ್ಕೆ ಮೂರು ದಿನ, 20 ನಿಮಿಷ, ಒಂದೇ ಹೊತ್ತಿಗೆ. ಮೊದಲ ಐದು ನಿಮಿಷ ಸುಮ್ಮನೆ ಕೂರುವುದು, ಯಾಕೆಂದರೆ ನೀವು ಬಂದ ಸದ್ದಿಗೆ ಅಡಗಿದ ಜೀವಗಳು ಹೊರಬರಲು ಅಷ್ಟಾದರೂ ಹೊತ್ತು ಬೇಕು. ಫೋನ್ ಮನೆಯಲ್ಲಿ. ಪುಸ್ತಕದ ಎಡಪುಟದಲ್ಲಿ ಕಂಡದ್ದು ಮಾತ್ರ, ಬಲಪುಟದಲ್ಲಿ ಈ ಜಾಗಕ್ಕೆ ಏನು ಬೇಕಿದೆ ಎಂಬುದು. ‘ನನಗೆ ಹೀಗನ್ನಿಸಿತು’ ಎಂಬುದಕ್ಕೆ ಪುಟವಿಲ್ಲ. ಮೂರನೇ ವಾರದಿಂದ ಆರನೇ ವಾರದ ನಡುವೆ ಬೇಸರ ಬರುತ್ತದೆ, ಹೆಚ್ಚಿನವರು ಬಿಡುವುದೂ ಆಗಲೇ. ಹೊಸತನ ಮುಗಿದಿರುತ್ತದೆ, ನಿಜವಾದ ನೋಟ ಇನ್ನೂ ಹುಟ್ಟಿರುವುದಿಲ್ಲ. ಆಗ ದಾಟಿ ಹೋಗಿ. ಹಕ್ಕಿ, ಗಿಡದ ಹೆಸರನ್ನು ಆಮೇಲೆ ಹುಡುಕಿ. ಹೆಸರು ಸಿಕ್ಕ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ.

ಆ ನೆಲಕ್ಕೆ ನಿಮ್ಮಿಂದ ಒಳಿತಾಯಿತೇ ಎಂದು ಅಳೆಯಲೂ ಒಂದು ದಾರಿಯಿದೆ. 15 ಸೆಂ.ಮೀ. ಅಗಲದ ತಗಡಿನ ಡಬ್ಬಿಯ ಎರಡೂ ಬದಿ ಕತ್ತರಿಸಿ, ಬಳೆಯಂತೆ ಮಣ್ಣಿಗೆ ಅರ್ಧದಷ್ಟು ಒತ್ತಿ. 440 ಮಿ.ಲೀ. ನೀರು ಸುರಿಯಿರಿ, ಅದು 25 ಮಿ.ಮೀ. ಮಳೆಗೆ ಸಮ. ಅದು ಇಂಗಿದ ಮೇಲೆ ಅಷ್ಟೇ ನೀರನ್ನು ಮತ್ತೊಮ್ಮೆ ಸುರಿದು ಎಷ್ಟು ನಿಮಿಷಕ್ಕೆ ಇಂಗುತ್ತದೆ ಬರೆದಿಡಿ. ಮೊದಲ ಸಲದ್ದು ಮಣ್ಣು ನೆನೆಯಲಿಕ್ಕೆ ಮಾತ್ರ. ತುಳಿದು ಗಟ್ಟಿಯಾದ ನೆಲದಲ್ಲಿ ಎರಡನೆಯದು ಗಂಟೆ ಕಳೆದರೂ ನಿಂತಿರಬಹುದು. ಎಲೆ ಹೊದಿಸಿ, ತುಳಿತ ತಪ್ಪಿಸಿ, ಮುಂದಿನ ವರ್ಷ ಅದೇ ಋತುವಿನಲ್ಲಿ ಮತ್ತೆ ಅಳೆಯಿರಿ.

ಇನ್ನೊಂದು ಅಳತೆ ಮನೆಯೊಳಗಿನದು. ದಿನಕ್ಕೆ ಹತ್ತು ನಿಮಿಷ ಮಗಳ ಹತ್ತಿರ ಅದೇ ನಿಯಮದಲ್ಲಿ ಕೂರಿ: ಫೋನಿಲ್ಲ, ತಿದ್ದುವುದಿಲ್ಲ, ಬುದ್ಧಿವಾದವಿಲ್ಲ, ಅವಳು ಮಾಡುತ್ತಿರುವುದನ್ನು ನೋಡುವುದಷ್ಟೇ. ಕಾಡಿನಲ್ಲಿ ಕಲಿತ ಗಮನವನ್ನು ಮನೆಗೆ ತರುವ ದಾರಿ ನನಗೆ ತಿಳಿದಂತೆ ಇದೊಂದೇ, ಬೇಕೆಂದೇ ತರುವುದು. ನೀವು ರೇಗಿದ ದಿನಕ್ಕೊಂದು ಗುರುತನ್ನು ಕ್ಯಾಲೆಂಡರಿನಲ್ಲಿ ಹಾಕುವ ಕೆಲಸ ಹೆಂಡತಿಗೆ ಬಿಡಿ. ನಮ್ಮ ಸಿಟ್ಟಿನ ಲೆಕ್ಕ ನಾವೇ ಇಟ್ಟರೆ ಯಾವಾಗಲೂ ಕಡಿಮೆ ಬರುತ್ತದೆ. ಮೂರು ತಿಂಗಳ ಮೇಲೂ ಗುರುತುಗಳು ಅಷ್ಟೇ ಇದ್ದರೆ ಜಾಗ ಬದಲಿಸುವುದರಿಂದ ಅವು ಇಳಿಯುವುದಿಲ್ಲ.

ಒಂದು ಎಚ್ಚರಿಕೆ. ಖಾಲಿತನ ದಿನದ ಬಹುಪಾಲು ಹೊತ್ತು ಕಾಡುತ್ತಿದ್ದು, ಎರಡು ವಾರ ದಾಟಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಮೊದಲು ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ರುಚಿಯಿಲ್ಲದಿದ್ದರೆ ಇದು ತತ್ತ್ವದ ಪ್ರಶ್ನೆಯಾಗಿ ಉಳಿಯುವುದಿಲ್ಲ. ವೈದ್ಯರನ್ನು ಕಾಣಬೇಕು. ಬದುಕುವುದೇ ಬೇಡ ಅನ್ನಿಸಿದರೆ ಅದೇ ದಿನ. ಚಿಕಿತ್ಸೆ ಬೇಕಾದವರು ಒಂಟಿಮನೆಗೆ ಹೋಗುವುದು ಅಪಾಯ.

ಇನ್ನು ಹೋಗುವ ಮಾತು. ಲಿಯೊಪೋಲ್ಡ್‌ರ ದಾರಿ, ಅಂದರೆ ಕೆಲಸದಲ್ಲಿದ್ದುಕೊಂಡೇ ಹತ್ತಿರದ ಬಡಕಲು ನೆಲವೊಂದನ್ನು ವಾರಾಂತ್ಯಗಳಲ್ಲಿ ನೋಡಿಕೊಳ್ಳುವುದು, ನಿಮಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಂದಾಜು. ಅದರ ಅಪಾಯ, ಹುಮ್ಮಸ್ಸಿನಲ್ಲಿ ನೂರು ಸಸಿ ನೆಟ್ಟು ಮಳೆಯಿಲ್ಲದ ತಿಂಗಳಲ್ಲಿ ಎರಡು ವಾರ ಹೋಗದೆ ಎಲ್ಲ ಒಣಗಿಸುವುದು. ಹತ್ತು ನೆಡಿ. ಇನ್ನೊಂದು ಅಪಾಯ, ಪ್ರತಿ ವಾರಾಂತ್ಯವೂ ಮನೆ ಪೂರ್ತಿ ಹೆಂಡತಿಯ ಮೇಲೆ ಬೀಳುವುದು. ಪೂರ್ತಿ ಹೋಗುವುದಾದರೆ ಮೊದಲ ವರ್ಷ ಜಮೀನು ಕೊಳ್ಳಬೇಡಿ, ಬಾಡಿಗೆಗಿರಿ. ಒಂದು ವರ್ಷದ ಮನೆಖರ್ಚು ಮುಟ್ಟದಂತೆ ಬೇರೆಯಿರಲಿ. ಮೊದಲ ಮೂರು ವರ್ಷ ನೆಲದ ಆದಾಯ ಸೊನ್ನೆ ಎಂದೇ ಲೆಕ್ಕ ಹಾಕಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆ ಎಷ್ಟು ನಿಮಿಷ ಎಂಬುದನ್ನು ಒಮ್ಮೆ ಆ ಹೊತ್ತಿಗೇ ಹೋಗಿ ನೋಡಿ. ಒಂಬತ್ತರ ಮಗಳಿಗೆ ಗೆಳತಿಯರು ಬೇಕು. ಅವಳ ಪ್ರಶ್ನೆ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ನಿಸರ್ಗಕ್ಕಾದರೂ ಇದರಿಂದ ಒಳಿತೇ? ಕಾಡಂಚಿಗೆ ಹೊಸ ಮನೆ, ಬೇಲಿ, ರಾತ್ರಿಯ ದೀಪ, ಸಾಕುನಾಯಿ ಬಂದರೆ ಕಾಡಿನ ಅಂಚೇ ಒಳಗೆ ಸರಿಯುತ್ತದೆ. ದಿನಕ್ಕೆ 80 ಕಿ.ಮೀ. ಕಾರಿನ ಓಡಾಟ, ವರ್ಷಕ್ಕೆ 250 ದಿನ ಎಂದರೆ 20,000 ಕಿ.ಮೀ. ಲೀಟರಿಗೆ 15 ಕಿ.ಮೀ. ಲೆಕ್ಕದಲ್ಲಿ ಸುಮಾರು 1,330 ಲೀಟರ್ ಪೆಟ್ರೋಲ್. ಲೀಟರ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್, ಒಟ್ಟು ಮೂರು ಟನ್ ದಾಟುತ್ತದೆ. ಬಸ್ಸಿನಲ್ಲಿ ಕಚೇರಿಗೆ ಹೋಗುವ ನಗರವಾಸಿಯ ಹೊರೆ ಇದಕ್ಕಿಂತ ಹಗುರ. ಹೋಗುವುದೇ ಆದರೆ ಊರಿಗೆ ಅಂಟಿಕೊಂಡ, ಈಗಾಗಲೇ ಉಳುಮೆಯಾದ ನೆಲ ನೋಡಿ, ಕಾಡಿಗೆ ಅಂಟಿಕೊಂಡದ್ದು ಬೇಡ.

ನಿಮ್ಮ ಹೆಂಡತಿಯ ಮಾತನ್ನು ಪರೀಕ್ಷಿಸುವುದು ಕಷ್ಟವಲ್ಲ. ಹೋದರೆ ನಿಮಗೆ ತಪ್ಪುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಪ್ರತಿಯೊಂದರ ಎದುರು ಅದು ಯಾರ ಪಾಲಿಗೆ ಹೋಗುತ್ತದೆ ಎಂದು ಬರೆಯಿರಿ. ಹೆಚ್ಚಿನ ಸಾಲುಗಳಲ್ಲಿ ಅವರ ಹೆಸರೇ ಇದ್ದರೆ ಅವರು ಹೇಳಿದ್ದು ಸರಿ. ಹಾಳೆ ಇಬ್ಬರಿಗೂ ಒಪ್ಪಿಗೆಯಾದರೆ ಆ ಪ್ರದೇಶದ ಅತಿ ಕಷ್ಟದ ಋತುವಿನಲ್ಲಿ, ನೀರು ಬತ್ತುವ ತಿಂಗಳಲ್ಲೋ ದಾರಿ ಕೆಡುವ ತಿಂಗಳಲ್ಲೋ, ಎರಡು ವಾರ ಮೂವರೂ ಹೋಗಿ ಇದ್ದು ನೋಡಿ. ಕುಡಿಯಲು, ಅಡಿಗೆಗೆ, ಮೀಯಲು, ಒಗೆಯಲು ತಲೆಗೆ ದಿನಕ್ಕೆ 50 ಲೀಟರ್ ಎಂದರೆ ಮೂವರಿಗೆ 150 ಲೀಟರ್, 15 ಲೀಟರಿನ ಕೊಡದಲ್ಲಿ ಹತ್ತು ಕೊಡ. ಆ ಹದಿನಾಲ್ಕು ದಿನವೂ ನೀರು ಹೊರುವ ಸರದಿ ನಿಮ್ಮದಿರಲಿ.